ಕಡಲತಡಿಯಲ್ಲಿ ನಮ್ಮ ಇಪ್ಪತ್ತೇಳು ಮಂದಿ

ಮೇ ತಿಂಗಳ ರಜೆಯನ್ನು ಎಲ್ಲಿ ಕಳೆಯುವುದು ಎಂಬ ಪ್ರಶ್ನೆ ಕರಾವಳಿಯ ನಮ್ಮಂತಹ ಕಥೋಲಿಕ ಕುಟುಂಬಗಳಲ್ಲಿ ಒಂದು ಕಾಲಕ್ಕೆ ಏಳುತ್ತಲೇ ಇರಲಿಲ್ಲ. ಮುಂಬಯಿಯಲ್ಲಿದ್ದವರು, ಬೆಂಗಳೂರಿನಲ್ಲಿದ್ದವರು, ಕೊಲ್ಲಿಯಿಂದ ರಜೆ ಪಡೆದು ಬಂದವರು, ಎಲ್ಲರೂ ಪೆಟ್ಟಿಗೆ, ಚೀಲ, ಮಕ್ಕಳ ಸಮೇತ ಹಳೆಮನೆಯ ಅಂಗಳದಲ್ಲಿ ಬಂದಿಳಿಯುತ್ತಿದ್ದರು. ಹಿತ್ತಲಲ್ಲಿ ಹಲಸು ಘಮಘಮಿಸುತ್ತಿತ್ತು. ಅಟ್ಟದ ಮೇಲೆ ಹುಲ್ಲಿನಲ್ಲಿ ಮಾವು ಹಣ್ಣಾಗುತ್ತಿತ್ತು. ಚಾವಡಿಯಲ್ಲಿ ಸಾಲಾಗಿ ಚಾಪೆಗಳು ಹಾಸಿರುತ್ತಿದ್ದವು. ಹೊತ್ತುಹೊತ್ತಿಗೆ ಗಂಜಿ, ಮೀನುಸಾರು, ಕಾಫಿ ತಾವಾಗಿಯೇ ಎದುರಿಗೆ ಬರುತ್ತಿದ್ದವು. ತಾವಾಗಿಯೇ ಬರುತ್ತವೆ ಎಂದು ನಾವು ಬಹುಕಾಲ ತಿಳಿದಿದ್ದೆವು.

ನಮ್ಮ ಹಳೆಮನೆ ಇರುವುದು ಕಾರ್ಕಳ ತಾಲೂಕಿನ ಒಳಭಾಗದಲ್ಲಿ. ಅಪ್ಪ ಅಮ್ಮನಿಗೆ ನಾವು ಏಳು ಮಂದಿ ಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಮನೆಯನ್ನೂ ಅಮ್ಮನನ್ನೂ ನೋಡಿಕೊಂಡವರು ಹಿರಿಯಣ್ಣ ಮತ್ತು ಅತ್ತಿಗೆ. ಎರಡನೆಯವರಾದ ನಾವು, ಎಂದರೆ ಈ ಲೇಖನವನ್ನು ಕೂಡಿ ಬರೆಯುತ್ತಿರುವ ದಂಪತಿ, ಮಂಗಳೂರಿನಲ್ಲಿ ನೆಲೆಸಿದವರು. ಮೂರನೆಯ ಮಗಳು ಮುಂಬಯಿಗೆ ಮದುವೆಯಾಗಿ ಹೋದಳು. ನಾಲ್ಕನೆಯವಳು ಧರ್ಮಭಗಿನಿಯಾದಳು. ಐದನೆಯವನಿಗೆ ಕುವೈತಿನಲ್ಲಿ ನೌಕರಿ. ಹೆಂಡತಿ ಮಕ್ಕಳು ಶಾಲೆಯ ಕಾರಣದಿಂದ ಊರಿನಲ್ಲೇ ಉಳಿದಿದ್ದಾರೆ. ಆರನೆಯವನು ಬೆಂಗಳೂರಿನಲ್ಲಿ, ಕಿರಿಯವಳು ಶಿವಮೊಗ್ಗದಲ್ಲಿ. 2022ರಲ್ಲಿ ಮೊಣಕಾಲಿನ ನೋವು, ಆಳುಗಳ ಅಭಾವ, ಇಳಿಯುತ್ತಿದ್ದ ಹಂಚು, ಇವೆಲ್ಲಕ್ಕೆ ಸೋತು ಹಿರಿಯಣ್ಣನವರು ಹಳೆಮನೆಗೆ ಬೀಗ ಹಾಕಿ ಪೇಟೆಯ ಚಿಕ್ಕ ಮನೆಯೊಂದಕ್ಕೆ ಬಂದರು. ಅಮ್ಮನೂ ಅವರ ಜೊತೆಗೆ ಬಂದರು.

2023ರ ಮೇ ತಿಂಗಳಲ್ಲಿ ನಾವು ಯಾರೂ ಒಂದೆಡೆ ಸೇರಲಿಲ್ಲ. ಸೇರಬಾರದೆಂದು ಯಾರೂ ತೀರ್ಮಾನಿಸಿರಲಿಲ್ಲ. ಎರಡು ಕೋಣೆಯ ಮನೆಗೆ ಇಪ್ಪತ್ತೇಳು ಮಂದಿ ಹೋಗುವುದು ಹೇಗೆಂದು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ಯೋಚಿಸಿ ಸುಮ್ಮನಾದರು. ಫೋನಿನಲ್ಲಿ ಮಾತನಾಡಿದೆವು. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ ನಾವಿಬ್ಬರು ನೋಡಲು ಹೋದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಈ ವರ್ಷ ಮಕ್ಕಳಿಗೆ ರಜೆ ಕೊಡಲಿಲ್ಲವೇ?"

ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ 2024ರ ನಮ್ಮ ಕಡಲತಡಿಯ ವಾಸ. ಕಾಪು ಮತ್ತು ಪಡುಬಿದ್ರಿಯ ನಡುವಣ ಹಳ್ಳಿಯೊಂದರಲ್ಲಿ, ತೆಂಗಿನ ತೋಟದ ಅಂಚಿನಲ್ಲಿ, ನಾಲ್ಕು ಕೋಣೆಗಳ ಒಂದು ಹಳೆಯ ಮನೆ ಐದು ದಿನಕ್ಕೆ ಬಾಡಿಗೆಗೆ ದೊರೆಯಿತು. ಮೇ 3ರ ಶುಕ್ರವಾರದಿಂದ 8ರ ಬುಧವಾರದವರೆಗೆ. ಕರಾವಳಿಯವರು ಕಡಲಿಗೆ ರಜೆಗೆ ಹೋಗುವುದೇ ಎಂದು ನಕ್ಕವರಿದ್ದರು. ನಗುವುದರಲ್ಲಿ ತಪ್ಪೇನಿಲ್ಲ. ನಮ್ಮ ಪಾಲಿಗೆ ಕಡಲೆಂದರೆ ಬುಟ್ಟಿಯಲ್ಲಿ ಬರುವ ಮೀನು, ಮಳೆಗಾಲದ ರಾತ್ರಿ ದೂರದಿಂದ ಕೇಳುವ ಮೊರೆತ, ಅಷ್ಟೆ. ಕಡಲಿನಿಂದ ಒಂದು ಗಂಟೆಯ ದಾರಿಯಲ್ಲಿ 82 ವರ್ಷ ಬಾಳಿದ ನಮ್ಮ ಅಮ್ಮ ನೀರಿಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ.

ಎಲ್ಲರೂ ಒಪ್ಪಿದರು, ಅತ್ತಿಗೆಯೊಬ್ಬರನ್ನು ಬಿಟ್ಟು. ತಾನು ಬರುವುದಿಲ್ಲ, ಅಮ್ಮನನ್ನು ಕರೆದುಕೊಂಡು ಹೋಗಿ ಎಂದರು. ಮೊಣಕಾಲು ನೋವೆಂದರು, ಬಿಸಿಲೆಂದರು. ಕೊನೆಗೆ ಓರಗಿತ್ತಿಯರು ಮಾತನಾಡಿಕೊಳ್ಳುವಾಗ ನಿಜವಾದ ಮಾತು ಹೊರಬಿತ್ತು: "ಹಳೆಮನೆಯಾದರೇನು, ಕಡಲಬದಿಯಾದರೇನು, ಒಲೆ ಒಂದೇ ಅಲ್ಲವೇ?"

ಆ ಮಾತನ್ನು ಕೇಳಿದ ರಾತ್ರಿ ನಾವಿಬ್ಬರೂ ಲೆಕ್ಕ ಹಾಕಿದೆವು. ಮದುವೆಯಾಗಿ ಬಂದ ವರ್ಷದಿಂದ ಹಳೆಮನೆಗೆ ಬೀಗ ಬೀಳುವವರೆಗೆ ಸುಮಾರು ಮೂವತ್ತು ಬೇಸಿಗೆಗಳು. ನಮಗೆಲ್ಲ ರಜೆ ಎನಿಸಿಕೊಂಡ ಆ ಮೂವತ್ತು ಮೇ ತಿಂಗಳುಗಳು ಅವರಿಗೆ ವರ್ಷದ ಅತಿ ಭಾರದ ದುಡಿಮೆಯ ತಿಂಗಳುಗಳಾಗಿದ್ದವು. ಸಹಾಯ ಮಾಡಲು ಹೋದವರು ಇರಲಿಲ್ಲವೆಂದಲ್ಲ. ಕಾಯಿ ತುರಿದು ಕೊಟ್ಟೆವು, ಮೀನು ಶುಚಿ ಮಾಡಿದೆವು. ಆದರೆ ಇಂದು ಏನು ಅಡುಗೆ, ಅಕ್ಕಿ ಎಷ್ಟು, ರಾತ್ರಿಗೆ ಸಾಲುತ್ತದೆಯೇ, ಮಗುವಿಗೆ ಹಾಲು ಉಳಿದಿದೆಯೇ ಎಂಬ ಚಿಂತೆ ಒಂದೇ ತಲೆಯಲ್ಲಿತ್ತು. ಎಲ್ಲರ ಕೆಲಸವೆಂದು ಬಿಟ್ಟದ್ದು ಒಬ್ಬರ ಕೆಲಸವಾಗಿತ್ತು.

ಆದ್ದರಿಂದ ಒಂದು ಕಟ್ಟಳೆ ಮಾಡಿದೆವು. ದಿನಕ್ಕೊಂದು ಮನೆಯವರು ಅಡುಗೆಯ ಹೊಣೆ ಹೊರಬೇಕು, ಗಂಡಸರೂ ಸೇರಿ. ಆ ದಿನ ಉಳಿದವರು ಹೇಳಿದ್ದನ್ನು ಮಾಡಬೇಕು, ಬಡಿಸಿದ್ದನ್ನು ತಿನ್ನಬೇಕು. ಹಿರಿಯಣ್ಣನ ಮನೆಗೆ ಪಾಳಿಯಿಲ್ಲ. ಅತ್ತಿಗೆ ಸೌಟು ಮುಟ್ಟಬಾರದು. ಇದನ್ನು ಅವರಿಗೆ ತಿಳಿಸಿದಾಗ ನಂಬಲಿಲ್ಲ, ಆದರೂ ಬಂದರು.

ಖರ್ಚಿನ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇವೆ, ಏಕೆಂದರೆ ಹಲವು ಕುಟುಂಬಗಳ ಕೂಟ ಮುರಿಯುವುದು ಅಲ್ಲಿಯೇ. ಬಾಡಿಗೆಯನ್ನು ಆರು ಮನೆಗಳು ಸಮನಾಗಿ ಹಂಚಿಕೊಂಡವು. ಊಟದ ಖರ್ಚು ತಲೆಯೆಣಿಕೆಯ ಮೇಲೆ, ಮಕ್ಕಳಿಗೆ ಅರ್ಧ. ಅಮ್ಮನಿಗೂ ಧರ್ಮಭಗಿನಿಗೂ ಲೆಕ್ಕವಿಲ್ಲ. ಹೊರಡುವ ಮುನ್ನವೇ ಹಣ ಒಬ್ಬರ ಕೈಯಲ್ಲಿ ಸೇರಿತ್ತು. ಕಡಲಬದಿಯಲ್ಲಿ ಯಾರೂ ಯಾರೆದುರಿಗೂ ಕಿಸೆಗೆ ಕೈ ಹಾಕುವ ಪ್ರಸಂಗ ಬರಲಿಲ್ಲ.

ಮೊದಲ ದಿನ ಕುವೈತಿನ ತಮ್ಮನ ಪಾಳಿ. ಹದಿನೇಳು ವರ್ಷ ಒಂಟಿಯಾಗಿ ಕೋಣೆ ಹಂಚಿಕೊಂಡು ಬಾಳಿದವನು ಅಡುಗೆ ಬಲ್ಲವನೆಂದು ಅವನ ಹೆಂಡತಿಗೂ ಪೂರ್ತಿ ತಿಳಿದಿರಲಿಲ್ಲ. ಬುಟ್ಟಿ ಹೊತ್ತು ಬಂದ ಮೊಗವೀರ ಹೆಂಗಸಿನಿಂದ ಬಂಗುಡೆ ಕೊಂಡು, ತಾನೇ ಶುಚಿ ಮಾಡಿ, ಮಸಾಲೆ ಅರೆದು, ಇಪ್ಪತ್ತೇಳು ಮಂದಿಗೆ ಬಡಿಸಿದ. ನಮ್ಮ ಜಿಲ್ಲೆಗಳಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳ ಮೀನಿಗೆ ವಿದಾಯದ ರುಚಿಯೊಂದಿದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಮೂರು ಸಲ ಬಂದು ನಿಂತರು. ಮೂರು ಸಲವೂ ಅವರನ್ನು ಹೊರಗೆ ಕಳುಹಿಸಲಾಯಿತು. ಕೊನೆಗೆ ಜಗಲಿಯಲ್ಲಿ ಅಮ್ಮನ ಪಕ್ಕದಲ್ಲಿ ಕುಳಿತರು. ಏನು ಮಾಡಬೇಕೆಂದು ತೋಚದೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ ಅವರ ರೀತಿಯನ್ನು ನೋಡಿ ನಮಗೆ ನಗುವೂ ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯೂ ಆಯಿತು.

ಆ ಸಂಜೆ ಮಕ್ಕಳು ಮರಳಿನಲ್ಲಿ ಏಡಿಗಳ ಹಿಂದೆ ಓಡಿದರು. ಬೆಂಗಳೂರಿನ ಮಕ್ಕಳಿಗೆ ಮುಂಬಯಿಯವರ ಕೊಂಕಣಿ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಅವರೇ ಊಹಿಸಿಕೊಳ್ಳುತ್ತಿದ್ದರು. ರಾತ್ರಿ ಜಗಲಿಯಲ್ಲಿ ಜಪಸರ ಮುಗಿದ ಮೇಲೆ ನಮ್ಮಲ್ಲಿ ರೂಢಿಯಿರುವಂತೆ ಕಿರಿಯರೆಲ್ಲ ಹಿರಿಯರ ಬಳಿ ಒಬ್ಬೊಬ್ಬರಾಗಿ ಬಂದು ಬೆಸಾಂವ್ ಬೇಡಿದರು. ಹನ್ನೊಂದು ಮಕ್ಕಳು, ಹದಿನಾರು ಹಿರಿಯರು. ಆಶೀರ್ವಾದ ಮುಗಿಯುವುದಕ್ಕೇ ಹೊತ್ತು ಹಿಡಿಯಿತು. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂಬ ಸಮಾಧಾನದಲ್ಲಿ ಮಲಗಿದೆವು.

ಅಂದು ಬಂದ ದಿನಪತ್ರಿಕೆಯನ್ನು ಯಾರೂ ಸರಿಯಾಗಿ ಓದಿರಲಿಲ್ಲ. ಅದರ ಮೇಲೆ ಹಲಸಿನ ಹಣ್ಣು ಬಿಡಿಸಿದ್ದೆವು.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಮೇ 4 ಮತ್ತು 5ರಂದು ಕರಾವಳಿಯಲ್ಲಿ ಉಬ್ಬಲೆಗಳು ಏಳಲಿವೆ ಎಂದು ಆ ವಾರ ಎಚ್ಚರಿಕೆ ನೀಡಿತ್ತು. ಏಪ್ರಿಲ್ ಕೊನೆಯ ವಾರದಲ್ಲಿ ದೂರದ ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಎದ್ದ ವಾಯುಭಾರ ಕುಸಿತವೊಂದು ಹುಟ್ಟಿಸಿದ ಅಲೆಗಳು ಹಿಂದೂ ಮಹಾಸಾಗರವನ್ನು ದಾಟಿ ಸಾವಿರಾರು ಕಿಲೋಮೀಟರ್ ದೂರ ಬಂದು ನಮ್ಮ ದಡವನ್ನು ಮುಟ್ಟುವುದರಲ್ಲಿದ್ದವು. ಇಂತಹ ಅಲೆಗಳಿಗೆ ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು. ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಬಿಸಿಲು ಎಂದಿನಂತೆ ಬೆಳಗುತ್ತಿರುತ್ತದೆ. ನೋಡಿದವರು ಭಯಪಡಲು ಕಾರಣವೇ ಕಾಣುವುದಿಲ್ಲ. 2012ರಿಂದ ಯುನೆಸ್ಕೋ ಕೂಡ ಈ ಹೆಸರನ್ನು ಅಂಗೀಕರಿಸಿದೆ.

ಶನಿವಾರ ಬೆಳಿಗ್ಗೆ ಏಳೂವರೆಗೆ ನಾವು ಕಡಲಿಗೆ ಇಳಿದೆವು. ಅಮ್ಮ, ಅತ್ತಿಗೆ ಮತ್ತು ಅಡುಗೆಯ ಪಾಳಿಯಲ್ಲಿದ್ದ ಶಿವಮೊಗ್ಗದ ದಂಪತಿ ಮನೆಯಲ್ಲಿ ಉಳಿದರು. ದಡದಲ್ಲಿ ಹನ್ನೆರಡು ಹಿರಿಯರು, ಹನ್ನೊಂದು ಮಕ್ಕಳು. ಒಂದು ಮಗುವಿಗೆ ಒಬ್ಬರಿಗಿಂತ ಹೆಚ್ಚು ಕಾವಲಿನವರಿದ್ದರೆಂದಾಯಿತು. ಇದಕ್ಕಿಂತ ಸುರಕ್ಷಿತವಾದ ಕೂಟ ಇನ್ನೊಂದಿರಲು ಸಾಧ್ಯವೇ? ಮಕ್ಕಳ ಸ್ನಾನಕ್ಕೆ ನಾವು ಆರಿಸಿದ್ದು ಅಲೆಗಳು ಹೆಚ್ಚು ಒಡೆಯದ, ನೀರು ಶಾಂತವಾಗಿ ಕಂಡ ಒಂದು ಜಾಗ. ಎರಡು ಕಡೆ ನೊರೆ ಏಳುತ್ತಿತ್ತು, ನಡುವೆ ಹತ್ತು ಹದಿನೈದು ಹೆಜ್ಜೆ ಅಗಲದ ಪಟ್ಟಿ ಮಾತ್ರ ಕೆರೆಯ ನೀರಿನಂತೆ ಕಪ್ಪಗೆ ಮಲಗಿತ್ತು.

ಓದುಗರು ಈ ಒಂದು ಮಾತನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಅಲೆಗಳು ದಡಕ್ಕೆ ಹೊತ್ತು ತಂದ ನೀರು ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಆ ನೀರೆಲ್ಲ ಕೂಡಿ ಹೊಳೆಯಂತೆ ಕಡಲಿನ ಕಡೆಗೆ ಹರಿಯುತ್ತದೆ. ತಗ್ಗಿನಲ್ಲಿ ಆಳ ಹೆಚ್ಚಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಆದಕಾರಣ ತಿಳಿಯದವರ ಕಣ್ಣಿಗೆ ಅತಿ ಶಾಂತವಾಗಿ ಕಾಣುವ ಜಾಗವೇ ಅತಿ ಅಪಾಯದ ಜಾಗ. ಅಲೆ ದೊಡ್ಡದಾದ ದಿನ ಈ ಸೆಳವು ಇನ್ನಷ್ಟು ಬಲವಾಗಿರುತ್ತದೆ. ಮೇಲಾಗಿ, ಕರಾವಳಿಯಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಗಾಳಿ ತುಂಬಿದ ಟ್ಯೂಬಿನಲ್ಲಿ ಕುಳಿತ ಮಗುವನ್ನು ಹೊರಕ್ಕೆ ತಳ್ಳಲು ಅದಷ್ಟೇ ಸಾಕು.

ಬೆಂಗಳೂರಿನ ತಮ್ಮನ ಎಂಟು ವರ್ಷದ ಕಿರಿಯ ಮಗ ಟ್ಯೂಬಿನಲ್ಲಿದ್ದ. ಅವನ ತಾಯಿ ಅವನು ತಂದೆಯ ಬಳಿ ಇದ್ದಾನೆಂದು ತಿಳಿದಿದ್ದಳು. ತಂದೆ ಕುವೈತಿನ ಅಣ್ಣನ ಜೊತೆ ಇದ್ದಾನೆಂದು ತಿಳಿದಿದ್ದ. ಕುವೈತಿನ ತಮ್ಮ ದೊಡ್ಡ ಹುಡುಗರು ನೋಡುತ್ತಿದ್ದಾರೆಂದು ತಿಳಿದಿದ್ದ. ನಾವಿಬ್ಬರು? ನಾವು ಮುಂಬಯಿಯ ತಂಗಿ ಭಾವನೊಡನೆ ಹಳೆಮನೆಯನ್ನು ಮಾರಬೇಕೇ ಉಳಿಸಿಕೊಳ್ಳಬೇಕೇ ಎಂಬ ಚರ್ಚೆಯಲ್ಲಿ ಮುಳುಗಿದ್ದೆವು. ಇಪ್ಪತ್ತನಾಲ್ಕು ಕಣ್ಣುಗಳಿದ್ದವು. ಆ ಮಗುವಿನ ಮೇಲೆ ಒಂದೂ ಇರಲಿಲ್ಲ.

ಕಂಡವರು ಅತ್ತಿಗೆ. ಮನೆಯಲ್ಲಿ ಕೂರಲಾರದೆ, ಚಹಾದ ಫ್ಲಾಸ್ಕ್ ಹಿಡಿದು ತೋಟದ ದಾರಿಯಿಂದ ಬರುತ್ತಿದ್ದರು. ಎಷ್ಟು ಲೋಟ ಬೇಕೆಂದು, ಮೂವತ್ತು ವರ್ಷದ ಅಭ್ಯಾಸದಂತೆ, ದೂರದಿಂದಲೇ ತಲೆಗಳನ್ನು ಎಣಿಸಿದರು. ಇಪ್ಪತ್ತೆರಡು. ಮತ್ತೆ ಎಣಿಸಿದರು. ಇಪ್ಪತ್ತೆರಡು. ನಮ್ಮ ಹಿರಿಯಣ್ಣನ ಹೆಸರು ಹಿಡಿದು ಅವರು ಕೂಗಿದ್ದನ್ನು ನಾವು ಅಂದು ಮೊದಲ ಸಲ ಕೇಳಿದೆವು.

ನಾವು ತಿರುಗಿ ನೋಡಿದಾಗ ಕೆಂಪು ಟ್ಯೂಬು ಒಡೆಯುವ ಅಲೆಗಳ ಸಾಲಿನ ಆಚೆಗಿತ್ತು. ಮಗು ಕೂಗುತ್ತಿರಲಿಲ್ಲ. ನೀರಿನಲ್ಲಿ ಕಷ್ಟಕ್ಕೆ ಸಿಕ್ಕವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂಬುದು ಸಿನಿಮಾದಿಂದ ಬಂದ ನಂಬಿಕೆ. ಸಾಮಾನ್ಯವಾಗಿ ಅವರಿಗೆ ಉಸಿರಾಡುವುದಕ್ಕೇ ಬಿಡುವಿರುವುದಿಲ್ಲ. ಅಣ್ಣನ ಹತ್ತೊಂಬತ್ತು ವರ್ಷದ ಮಗ ಹಿಂದುಮುಂದು ನೋಡದೆ ನೀರಿಗೆ ಹಾರಿದ. ಈಜು ಬಲ್ಲವನೇ. ಆದರೆ ಸ್ವಲ್ಪ ಹೊತ್ತಿನಲ್ಲಿ ಅವನೂ ಮುಂದಕ್ಕೆ ಹೋಗಲಾರದೆ ಹಿಂದಕ್ಕೂ ಬರಲಾರದೆ ಸೋಲುತ್ತಿರುವುದು ಕಾಣಿಸಿತು. ತಮ್ಮನೂ ನೀರಿಗಿಳಿಯಹೊರಟಾಗ ಯಾರೋ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದರು.

ತೆಂಗಿನ ನೆರಳಿನಲ್ಲಿ ಬಲೆ ಹೆಣೆಯುತ್ತಿದ್ದ ಊರಿನ ಮೀನುಗಾರ ಯುವಕ ಆತ. ಮಾತು ಕಡಿಮೆ. ಬಲೆಯ ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ನಮ್ಮ ಗಂಡಸರ ಕೈಗೆ ಕೊಟ್ಟು, ಮುಚ್ಚಳ ಬಿಗಿದ ದೊಡ್ಡ ಖಾಲಿ ಕ್ಯಾನೊಂದನ್ನು ತಬ್ಬಿಕೊಂಡು ನಾವು ಶಾಂತವೆಂದು ನಂಬಿದ್ದ ಆ ಕಪ್ಪು ಪಟ್ಟಿಯೊಳಗೆ ಇಳಿದ. ಈಜಲಿಲ್ಲವೆಂದೇ ಹೇಳಬೇಕು, ಸೆಳವೇ ಅವನನ್ನು ಹೊರಕ್ಕೆ ಕೊಂಡೊಯ್ದಿತು. ದಾರಿಯಲ್ಲಿ ಸಿಕ್ಕ ನಮ್ಮ ಹುಡುಗನ ಕೈಗೆ ಕ್ಯಾನನ್ನು ಕೊಟ್ಟು ತೇಲುತ್ತಿರುವಂತೆ ಹೇಳಿ, ಟ್ಯೂಬನ್ನು ಹಿಡಿದ. ಬಳಿಕ ನೇರವಾಗಿ ದಡದ ಕಡೆಗೆ ಬಾರದೆ, ದಡಕ್ಕೆ ಸಮಾನಾಂತರವಾಗಿ ಬಡಗಿನತ್ತ ಸರಿದು, ಸೆಳವು ಮುಗಿದು ನೊರೆ ಏಳುತ್ತಿದ್ದ ಕಡೆಯಿಂದ ಮೂವರೂ ಅಲೆಗಳೊಡನೆ ಒಳಗೆ ಬಂದರು. ನಾವು ಹಗ್ಗ ಎಳೆದೆವು. ಮಕ್ಕಳಿಬ್ಬರೂ ಉಪ್ಪುನೀರು ಕುಡಿದಿದ್ದರು, ನಡುಗುತ್ತಿದ್ದರು. ಬೇರೆ ತೊಂದರೆ ಇರಲಿಲ್ಲ. ಆದರೂ ಇಬ್ಬರನ್ನೂ ವೈದ್ಯರಿಗೆ ತೋರಿಸಿಕೊಂಡು ಬಂದೆವು.

ಆ ಯುವಕ ಹಣ ಮುಟ್ಟಲಿಲ್ಲ. ಅತ್ತಿಗೆ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಚಹಾ ಕುಡಿದ. ನೀರು ಎಳೆಯುವಾಗ ಅದರೊಡನೆ ಜಗಳವಾಡಬಾರದು, ಪಕ್ಕಕ್ಕೆ ಹೋಗಬೇಕು ಎಂದು ತುಳುವಿನಲ್ಲಿ ಹೇಳಿದ. ಬರಿಗೈಯಲ್ಲಿ ಹಾರಿದವನನ್ನು ತರಲು ಇನ್ನೊಬ್ಬ ಹಾರಬೇಕಾಗುತ್ತದೆ ಎಂದೂ ಹೇಳಿ ತನ್ನ ಬಲೆಯ ಬಳಿಗೆ ಹೋದ.

ಅನಂತರದ ಒಂದು ಗಂಟೆಯನ್ನು ಬರೆಯುವುದು ನಮಗೆ ಸುಲಭವಲ್ಲ. ಭಯ ಇಳಿದೊಡನೆ ಕೋಪ ಏರಿತು. "ನಿನ್ನ ಬಳಿ ಇದ್ದಾನೆಂದುಕೊಂಡಿದ್ದೆ" ಎಂಬ ಒಂದೇ ವಾಕ್ಯವನ್ನು ಎಷ್ಟು ಜನ ಎಷ್ಟು ಜನರಿಗೆ ಹೇಳಿದರೋ. ಬೆಂಗಳೂರಿನ ತಮ್ಮ ಕುವೈತಿನ ಅಣ್ಣನಿಗೆ, ನಿನ್ನ ಮಕ್ಕಳಾಗಿದ್ದರೆ ಹೀಗೆ ಬಿಡುತ್ತಿದ್ದೆಯಾ ಎಂದ. ಅದಕ್ಕೆ ಉತ್ತರವಾಗಿ ಹಳೆಮನೆಯ ಹಂಚು ರಿಪೇರಿಗೆ ಯಾರು ಎಷ್ಟು ಕಳುಹಿಸಿದರು ಎಂಬ ಲೆಕ್ಕ ಹೊರಬಂತು. ಮಗುವಿಗೂ ಹಂಚಿಗೂ ಏನು ಸಂಬಂಧ? ಕೂಡುಕುಟುಂಬದಲ್ಲಿ ಬೆಳೆದವರಿಗೆ ಆ ಸಂಬಂಧವನ್ನು ವಿವರಿಸಬೇಕಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನವರ ಚೀಲಗಳು ಕಟ್ಟಿ ಬಾಗಿಲ ಬಳಿ ಬಂದಿದ್ದವು.

ಅವರನ್ನು ತಡೆದದ್ದು ಯಾರ ಬುದ್ಧಿಮಾತೂ ಅಲ್ಲ. ಬಿಸಿಲಿನಲ್ಲಿ ಬಳಲಿದ್ದ ಮಗು ಅಮ್ಮನ ಚಾಪೆಯಲ್ಲಿ, ಅಜ್ಜಿಯ ಸೀರೆಯ ಸೆರಗನ್ನು ಹಿಡಿದು ನಿದ್ದೆ ಹೋಗಿದ್ದ. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಅವನು ಎಚ್ಚರಗೊಳ್ಳುವಾಗ ಸಂಜೆ ಐದು. ಘಾಟಿಯ ದಾರಿಯನ್ನು ರಾತ್ರಿ ಹತ್ತುವುದು ಬೇಡವೆಂದು ಹಿರಿಯಣ್ಣ ಹೇಳಿದರು. ಉಳಿದರು. ಅಂದಿನ ಜಪಸರದಲ್ಲಿ ಸ್ವರಗಳು ಒಂದಕ್ಕೊಂದು ಕೂಡಲಿಲ್ಲ. ಮುಗಿದ ಮೇಲೆ ಮಕ್ಕಳು ಎಂದಿನಂತೆ ಸಾಲಾಗಿ ಬೆಸಾಂವ್ ಬೇಡುತ್ತ ಬಂದರು. ಹಿರಿಯರ ಜಗಳ ಮಕ್ಕಳ ರೂಢಿಯನ್ನು ಮುಟ್ಟಿರಲಿಲ್ಲ. ಆ ಹುಡುಗ ದೊಡ್ಡಮ್ಮನೆದುರು ಕೈಮುಗಿದು ನಿಂತಾಗ ಅತ್ತಿಗೆ ಅವನ ತಲೆಯ ಮೇಲಿಟ್ಟ ಕೈಯನ್ನು ತುಂಬ ಹೊತ್ತು ತೆಗೆಯಲಿಲ್ಲ. ಮಕ್ಕಳು ಮುಗಿದ ಮೇಲೆ ಬೆಂಗಳೂರಿನ ತಮ್ಮ ಎದ್ದ. ಮದುವೆಯಾದ ಮೇಲೆ ಅವನು ಆ ಪದ್ಧತಿಯನ್ನು ಬಿಟ್ಟಿದ್ದ. ಮೊದಲು ಅಮ್ಮನ ಬಳಿಗೆ, ಬಳಿಕ ಅತ್ತಿಗೆಯ ಬಳಿಗೆ, ಬಳಿಕ ಒಂದು ಕ್ಷಣ ನಿಂತು ಕುವೈತಿನ ಅಣ್ಣನ ಬಳಿಗೆ ಹೋದ. ಅಲ್ಲಿ ಏನು ಮಾತಾಯಿತೆಂದು ನಮಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಬರೆಯುತ್ತಿರಲಿಲ್ಲ.

ಭಾನುವಾರ ಸಮೀಪದ ಇಗರ್ಜಿಯಲ್ಲಿ ಐದು ಬೆಂಚುಗಳನ್ನು ತುಂಬಿ ಕುಳಿತೆವು. ಮರಳಿ ಬಂದು ಉಪಾಹಾರಕ್ಕೆ ಕುಳಿತಾಗ ಅತ್ತಿಗೆ, ಸಾಮಾನ್ಯವಾಗಿ ಎಲ್ಲರೆದುರು ಮಾತನಾಡದವರು, ಒಂದು ಮಾತು ಹೇಳಿದರು. "ಹಾಲು ಉಕ್ಕುವುದು ಒಲೆಯ ಬಳಿ ಯಾರೂ ಇಲ್ಲದಾಗ ಅಲ್ಲ. ಒಬ್ಬಳೇ ಇದ್ದಾಗ ನನ್ನ ಹಾಲು ಯಾವತ್ತೂ ಉಕ್ಕಿಲ್ಲ. ಅಡುಗೆಮನೆಯಲ್ಲಿ ನಾಲ್ಕು ಜನ ಇದ್ದಾಗಲೇ ಉಕ್ಕುವುದು." ಹೀಗೆಂದವರೇ ಗೋಡೆಯ ಗೂಟದಲ್ಲಿ ನೇತಾಡುತ್ತಿದ್ದ ಹಿರಿಯಣ್ಣನ ಮುಟ್ಟಾಳೆಯನ್ನು ತಂದು ಮೇಜಿನ ಮೇಲಿಟ್ಟರು. ಅಡಿಕೆಯ ಹಾಳೆಯ ಆ ಟೊಪ್ಪಿಯನ್ನು ಅಣ್ಣ ತೋಟದ ಅಭ್ಯಾಸಕ್ಕೆ ಬಿಸಿಲಿಗೆಂದು ತಂದಿದ್ದರು. ಕಡಲಬದಿಯಲ್ಲಿ ಇದು ಯಾರ ತಲೆಯಲ್ಲಿದೆಯೋ ಮಕ್ಕಳು ಅವರ ಹೊಣೆ ಎಂದರು ಅತ್ತಿಗೆ.

ಅಲ್ಲಿಯೇ ಕುಳಿತು ಕಟ್ಟಳೆ ಬರೆದೆವು. ಮುಟ್ಟಾಳೆ ತೊಟ್ಟವರು ನೀರಿಗಿಳಿಯಬಾರದು, ಹರಟೆ ಹೊಡೆಯಬಾರದು, ಫೋನ್ ಹಿಡಿಯಬಾರದು. ಅರ್ಧ ಗಂಟೆಗೆ ಒಬ್ಬರು, ಅದಕ್ಕಿಂತ ಹೆಚ್ಚು ಹೊತ್ತು ಕಣ್ಣು ನಿಲ್ಲುವುದಿಲ್ಲ. ಕೊಡುವಾಗ ನೀರಿನಲ್ಲಿರುವ ತಲೆಗಳನ್ನು ಎಣಿಸಿ ಬಾಯಿಬಿಟ್ಟು ಸಂಖ್ಯೆ ಹೇಳಬೇಕು. ಪಡೆಯುವವರು ತಾವೂ ಎಣಿಸಿ, ಅದೇ ಸಂಖ್ಯೆಯನ್ನು ಹೇಳಿದ ಮೇಲೆಯೇ ತಲೆಗೆ ಏರಿಸಬೇಕು. ಟ್ಯೂಬು ಬೇಡ. ಹಗ್ಗ ಮತ್ತು ಮುಚ್ಚಳ ಬಿಗಿದ ಖಾಲಿ ಕ್ಯಾನು ಕೈಗೆಟಕುವಲ್ಲಿ ಇರಬೇಕು.

ಸೋಮವಾರ ಬಂದ ಸುದ್ದಿ ನಮ್ಮನ್ನು ಮೂಕರನ್ನಾಗಿಸಿತು. ಅಂದು, ಮೇ 6ರಂದು, ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ಅಲೆಗಳ ಪಾಲಾಗಿದ್ದರು. ಅವರೂ ಸ್ನೇಹಿತರ ಕೂಟವಾಗಿ ಬಂದವರು. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿದೆ. ಅಂಕಿಗಳನ್ನು ಓದುವಾಗ ಈಗ ನಮಗೆ ಕೆಂಪು ಟ್ಯೂಬು ಕಾಣಿಸುತ್ತದೆ.

ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಯೋಜನೆಯನ್ನು ಕೈಬಿಟ್ಟೆವು. ಮಡಗಾಸ್ಕರ್ ಇನ್ನೂ ಭಾರತಕ್ಕೆ ಅಂಟಿಕೊಂಡಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾರಸ ತಣಿದು ಕಂಬಗಳಾಗಿ ನಿಂತ ಅಲ್ಲಿನ ಬಂಡೆಗಳನ್ನು ತೋರಿಸುವುದಾಗಿ ಬೆಂಗಳೂರಿನ ತಮ್ಮ ಮಕ್ಕಳಿಗೆ ಮಾತು ಕೊಟ್ಟಿದ್ದ. ಅಷ್ಟು ವರ್ಷ ಕಾದ ಬಂಡೆಗಳು ಇನ್ನೊಂದು ವರ್ಷ ಕಾಯುತ್ತವೆ ಎಂದು ಧರ್ಮಭಗಿನಿ ಸಮಾಧಾನ ಹೇಳಿದಳು. ಬದಲಿಗೆ ಕಾಪುವಿನ ದೀಪಸ್ತಂಭಕ್ಕೆ ಹೋದೆವು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಆ ಸ್ತಂಭವನ್ನು ಸಂಜೆಯ ಹೊತ್ತು ಏರಿ ನೋಡಬಹುದು. ಮೇಲಿನಿಂದ ನೋಡಿದಾಗ, ಕೆಳಗೆ ನಿಂತವರಿಗೆ ಕಾಣದ ಸಂಗತಿ ಸ್ಪಷ್ಟವಾಗಿ ಕಂಡಿತು: ಬಿಳಿಯ ನೊರೆಯ ಸಾಲಿನ ನಡುನಡುವೆ ಅಲ್ಲಲ್ಲಿ ಕಪ್ಪು ದಾರಿಗಳು ಕಡಲಿನತ್ತ ಹೋಗುತ್ತಿದ್ದವು. ಎಂಟು ವರ್ಷದ ಹುಡುಗನೇ ಮೊದಲು ಬೆರಳು ಚಾಚಿ ತೋರಿಸಿದ.

ಮಂಗಳವಾರ ಸ್ನಾನಕ್ಕೆ ಪಡುಬಿದ್ರಿಗೆ ಹೋದೆವು. 2020ರ ಅಕ್ಟೋಬರಿನಲ್ಲಿ ಹೊನ್ನಾವರದ ಕಾಸರಕೋಡಿನ ಜೊತೆಗೆ ನೀಲಿ ಬಾವುಟದ ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಕಡಲತೀರ ಅದು. ಅಲ್ಲಿ ಈಜುವ ಜಾಗಕ್ಕೆ ಗುರುತಿದೆ, ಜೀವರಕ್ಷಕರಿದ್ದಾರೆ. ಮೊದಲ ದಿನವೇ ಅಲ್ಲಿಗೆ ಹೋಗಬೇಕಿತ್ತಲ್ಲವೇ ಎಂದು ಓದುಗರು ಕೇಳಬಹುದು. ಹೋಗಬೇಕಿತ್ತು. ಜನಸಂದಣಿ ಬೇಡ, ನಮ್ಮಷ್ಟಕ್ಕೆ ನಾವಿರೋಣ ಎಂಬ ಆಸೆಗೆ ಬಿದ್ದಿದ್ದೆವು.

ಜೀವರಕ್ಷಕರಿದ್ದರೂ ಮುಟ್ಟಾಳೆಯನ್ನು ಬಿಡಲಿಲ್ಲ. ಅರ್ಧ ಗಂಟೆಗೊಮ್ಮೆ ತಲೆಯಿಂದ ತಲೆಗೆ ಹೋಗುತ್ತಿದ್ದ ಅಡಿಕೆಹಾಳೆಯ ಟೊಪ್ಪಿಯನ್ನು ಕಂಡು ಅಕ್ಕಪಕ್ಕದವರು ಇದೇನೋ ಆಟವೆಂದು ತಿಳಿದರು. ಮುಂಬಯಿಯ ಭಾವನವರಿಗೆ ಅದು ಎಷ್ಟು ಹಿಡಿಸಿತೆಂದರೆ ತಮ್ಮ ಪಾಳಿ ಮುಗಿದರೂ ಬಿಟ್ಟುಕೊಡಲು ಒಪ್ಪದೆ ಬೈಸಿಕೊಂಡರು. ಅಡುಗೆಯಲ್ಲಿ ಅವರಿಗೆ ಬರುತ್ತಿದ್ದುದು ಆಮ್ಲೆಟ್ ಒಂದೇ. ಅವರ ಪಾಳಿಯ ದಿನ ಮೂರು ಹೊತ್ತೂ ಮೊಟ್ಟೆ ತಿಂದೆವೆಂಬುದನ್ನು ದಾಖಲೆಗಾಗಿ ಇಲ್ಲಿ ಹೇಳುತ್ತಿದ್ದೇವೆ.

ಹಳೆಮನೆಯ ತೀರ್ಮಾನ ಆಗಲಿಲ್ಲ. ಬೀಗ ಇನ್ನೂ ಹಾಗೆಯೇ ಇದೆ. 2025ರಲ್ಲಿ ಮತ್ತೆ ಸೇರಿದೆವು, ಏಪ್ರಿಲ್ ಕೊನೆಯಲ್ಲಿಯೇ; ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿದ್ದರಿಂದ ಬೇಗ ಹೋದದ್ದು ಒಳಿತೇ ಆಯಿತು.

ಆದರೆ ನಮ್ಮ ಕಣ್ಣಿಗೆ ಕಟ್ಟಿರುವುದು ಆ ಮಂಗಳವಾರದ ಸಂಜೆ. ಬಿಸಿಲು ಇಳಿದಿತ್ತು. ಅಲೆ ಬಂದು ಕರಗುವ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹಾಕಿ ಅಮ್ಮನನ್ನು ಕೂರಿಸಿದ್ದೆವು. ನೀರು ಅವರ ಪಾದಗಳನ್ನು ಮುಟ್ಟಿ ಹೋಗುತ್ತಿತ್ತು. ಅತ್ತಿಗೆ ಮೊದಲು ಕುರ್ಚಿ ಹಿಡಿದು ನಿಂತಿದ್ದರು. ಬಳಿಕ ಸೀರೆ ಒದ್ದೆಯಾದೀತೆಂದು ಸ್ವಲ್ಪ ಎತ್ತಿ ಹಿಡಿದರು. ಬಳಿಕ ಒಂದು ಅಲೆ ಸೊಂಟದವರೆಗೆ ತೋಯಿಸಿದಾಗ ಸೀರೆಯನ್ನು ಬಿಟ್ಟುಬಿಟ್ಟು ಅಮ್ಮನ ಪಕ್ಕದಲ್ಲಿ ನೀರಿನಲ್ಲೇ ಕುಳಿತರು. ಮಕ್ಕಳು ಸುತ್ತ ನೆರೆದು ನೀರೆರಚಿದರು. ಮುಟ್ಟಾಳೆ ಆಗ ಹಿರಿಯಣ್ಣನ ತಲೆಯಲ್ಲಿತ್ತು. ಅವರ ಅರ್ಧ ಗಂಟೆ ಮುಗಿದಿತ್ತು. ಕುವೈತಿನ ತಮ್ಮ ಬಂದು ಕೈಚಾಚಿದ.

ಅಣ್ಣ ಬೆರಳಿನಿಂದ ಒಂದೊಂದಾಗಿ ತೋರಿಸುತ್ತ ಎಣಿಸಿದರು. "ಹದಿಮೂರು" ಎಂದರು.

ಮಕ್ಕಳು ಹನ್ನೊಂದೇ. ತಮ್ಮ ಒಮ್ಮೆ ಅಣ್ಣನ ಮುಖವನ್ನು ನೋಡಿದ, ಮತ್ತೆ ನೀರಿನ ಕಡೆಗೆ ತಿರುಗಿ ತಾನೂ ಎಣಿಸಿದ.

"ಹದಿಮೂರು" ಎಂದು ಹೇಳಿ ಮುಟ್ಟಾಳೆಯನ್ನು ತಲೆಗೆ ಏರಿಸಿಕೊಂಡ.